ಜಾಝ್ ನಾದಕ್ಕೆ ಟೊಳ್ಳು ಗಿಟಾರ್: ಕರಾವಳಿಯವರು ಕೊಳ್ಳುವ ಮುನ್ನ

ಬೈಂದೂರು, ಕುಂದಾಪುರದ ಕಡೆ ಗಿಟಾರ್ ಹೊಸದೇನಲ್ಲ. ಚರ್ಚಿನ ಗಾಯನ ಮಂಡಳಿಯಲ್ಲಿದೆ, ಕಾಲೇಜಿನ ವಾರ್ಷಿಕೋತ್ಸವದಲ್ಲಿದೆ, ಹಬ್ಬದ ರಸಮಂಜರಿ ತಂಡಗಳಲ್ಲಿದೆ. ಆದರೆ ಅಲ್ಲೆಲ್ಲ ಹೆಚ್ಚಾಗಿ ಕಾಣುವುದು ಎರಡು ಬಗೆ. ಒಂದು, ನಡುವೆ ದುಂಡು ತೂತಿರುವ ಅಕೌಸ್ಟಿಕ್ ಗಿಟಾರ್. ಇನ್ನೊಂದು, ಗಟ್ಟಿ ಮರದ ಹಲಗೆಯಿಂದ ಮಾಡಿದ ಎಲೆಕ್ಟ್ರಿಕ್ ಗಿಟಾರ್. ಇವೆರಡರ ನಡುವೆ ಮೂರನೆಯದೊಂದು ಜಾತಿ ಇದೆ. ದೊಡ್ಡ ಒಡಲು, ಉಬ್ಬಿದ ಮುಖ, ಪಿಟೀಲಿಗೆ ಇರುವಂಥ ಎಫ್ ಆಕಾರದ ಎರಡು ಸೀಳು. ಮೊಬೈಲಿನಲ್ಲಿ ವೆಸ್ ಮಾಂಟ್‌ಗೊಮರಿ, ಜೋ ಪಾಸ್, ಜಿಮ್ ಹಾಲ್ ಮೊದಲಾದ ಜಾಝ್ ವಾದಕರನ್ನು ಕೇಳಿ ಆ ದುಂಡನೆಯ, ಮೆತ್ತನೆಯ ಸ್ವರಕ್ಕೆ ಮನಸೋತವರು ಹುಡುಕುವುದು ಇದನ್ನೇ.

ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ. ಪೂರ್ತಿ ಟೊಳ್ಳಾದ ಹಾಲೋ ಬಾಡಿಯೋ, ಅರೆ ಟೊಳ್ಳಾದ ಸೆಮಿ-ಹಾಲೋ ಬಾಡಿಯೋ? ಅಂತರ್ಜಾಲದಲ್ಲಿ ಇದಕ್ಕೆ ಬೇಕಾದಷ್ಟು ಉತ್ತರ ಸಿಗುತ್ತದೆ. ಹೆಚ್ಚಿನವು ಒಣ ಹವೆಯ ಊರಿನವರು ಬರೆದದ್ದು. ನಾವಿರುವುದು ಕಡಲಿಗೂ ಘಟ್ಟಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ದಿನ ಉಪ್ಪುಗಾಳಿ. ಮರಕ್ಕೂ ತಂತಿಗೂ ಒಳಗಿನ ವೈರಿಗೂ ಇದು ಕಷ್ಟದ ಜಾಗ. ಹಾಗಾಗಿ ನಾದದ ಲೆಕ್ಕದ ಜೊತೆಗೆ ಹವೆಯ ಲೆಕ್ಕವನ್ನೂ ಹಾಕಿಯೇ ಆರಿಸಬೇಕು.

ಒಳಗೆ ಏನಿದೆ?

ಹಾಲೋ ಬಾಡಿ ಗಿಟಾರಿನ ಒಡಲು ಪೂರ್ತಿ ಖಾಲಿ. ಮುಖದ ಹಲಗೆ, ಹಿಂದಿನ ಹಲಗೆ, ಸುತ್ತಲಿನ ಪಟ್ಟಿ, ಅಷ್ಟೇ. ಮುಖ ಸ್ವಲ್ಪ ಉಬ್ಬಿರುವುದರಿಂದ ಇದಕ್ಕೆ ಆರ್ಚ್‌ಟಾಪ್ ಎಂಬ ಹೆಸರೂ ಇದೆ. ದಪ್ಪ ಸುಮಾರು ಮೂರು ಇಂಚಿನಿಂದ ಮೂರೂವರೆ ಇಂಚು. ಇದರ ಬ್ರಿಡ್ಜ್, ಅಂದರೆ ತಂತಿಗಳು ಕೂರುವ ಕುದುರೆ, ಹಲವು ಮಾದರಿಗಳಲ್ಲಿ ಮುಖಕ್ಕೆ ಅಂಟಿರುವುದಿಲ್ಲ. ತಂತಿಗಳ ಒತ್ತಡದಿಂದಷ್ಟೇ ನಿಂತಿರುತ್ತದೆ.

ಸೆಮಿ-ಹಾಲೋ ಗಿಟಾರ್ ಹೊರಗಿನಿಂದ ಹಾಗೆಯೇ ಕಾಣುತ್ತದೆ. ಎಫ್ ಸೀಳುಗಳೂ ಇರುತ್ತವೆ. ಆದರೆ ಒಳಗೆ, ಕುತ್ತಿಗೆಯಿಂದ ಬುಡದವರೆಗೆ, ಒಂದು ಮರದ ತೊಲೆ ಹಾದುಹೋಗಿರುತ್ತದೆ. ಇದಕ್ಕೆ ಸೆಂಟರ್ ಬ್ಲಾಕ್ ಎನ್ನುತ್ತಾರೆ. ಖಾಲಿ ಇರುವುದು ಎರಡು ಬದಿಯ ರೆಕ್ಕೆಗಳು ಮಾತ್ರ. ದಪ್ಪವೂ ಕಡಿಮೆ, ಒಂದೂಮುಕ್ಕಾಲು ಇಂಚಿನ ಆಸುಪಾಸು.

ಇನ್ನೂ ಒಂದಿದೆ, ಜನ ಮೋಸಹೋಗುವುದು ಇಲ್ಲೇ. ಥಿನ್‌ಲೈನ್ ಹಾಲೋ ಎಂದು ಕರೆಯುವ ಇದು ಸೆಮಿ-ಹಾಲೋದಷ್ಟೇ ತೆಳ್ಳಗಿರುತ್ತದೆ. ಆದರೆ ಒಳಗೆ ತೊಲೆ ಇರುವುದಿಲ್ಲ. ಗಿಬ್ಸನ್‌ನ ಇಎಸ್-330, ಎಪಿಫೋನ್‌ನ ಕಸೀನೋ ಈ ಬಗೆಯವು. ಬರೀ ದಪ್ಪ ನೋಡಿ ಸೆಮಿ-ಹಾಲೋ ಎಂದು ತೀರ್ಮಾನಿಸಬೇಡಿ. ಮೊಬೈಲಿನ ಟಾರ್ಚನ್ನು ಎಫ್ ಸೀಳಿಗೆ ಹಿಡಿದು ಒಳಗೆ ಇಣುಕಿ. ನಡುವೆ ಮರದ ಗೋಡೆ ಕಂಡರೆ ಸೆಮಿ-ಹಾಲೋ. ಆಚೆ ಬದಿಯ ಸೀಳಿನಿಂದ ಬೆಳಕು ಹೊರಗೆ ಬಿದ್ದರೆ ಪೂರ್ತಿ ಟೊಳ್ಳು. ಅಂಗಡಿಯವರನ್ನು ಕೇಳಬೇಕಾಗಿಯೇ ಇಲ್ಲ.

ಮರದ ವಿಷಯದಲ್ಲೂ ಎರಡು ಜಾತಿ. ಇಡೀ ಮರದ ಹಲಗೆಯನ್ನು ಕೆತ್ತಿ ಉಬ್ಬು ಮಾಡುವುದು ಒಂದು, ಅದು ಸಾಲಿಡ್ ಟಾಪ್. ತೆಳು ಪದರಗಳನ್ನು ಅಂಟಿಸಿ ಅಚ್ಚಿಗೆ ಒತ್ತುವುದು ಇನ್ನೊಂದು, ಅದು ಲ್ಯಾಮಿನೇಟ್. ನಮ್ಮ ಮಾತಿನಲ್ಲಿ ಪ್ಲೈವುಡ್. ಪ್ಲೈವುಡ್ ಎಂದ ಕೂಡಲೇ ಮುಖ ಕಿವುಚುವವರಿದ್ದಾರೆ. ಅವಸರ ಬೇಡ, ಅದಕ್ಕೆ ಮುಂದೆ ಬರುತ್ತೇನೆ.

ಆ ಸ್ವರ ಎಲ್ಲಿಂದ ಬರುತ್ತದೆ?

ಮೊದಲು ಚೂರು ಇತಿಹಾಸ. 1920ರ, 30ರ ದಶಕದ ಅಮೆರಿಕದ ಜಾಝ್ ತಂಡಗಳಲ್ಲಿ ಟ್ರಂಪೆಟ್, ಸ್ಯಾಕ್ಸೋಫೋನ್, ಡ್ರಮ್ಮುಗಳ ಅಬ್ಬರ. ಗಿಟಾರ್ ಯಾರಿಗೂ ಕೇಳುತ್ತಿರಲಿಲ್ಲ. ಪಿಟೀಲಿನ ಮಾದರಿಯಲ್ಲಿ ಉಬ್ಬು ಮುಖ ಮತ್ತು ಎಫ್ ಸೀಳು ಇಟ್ಟು ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ತಂದಿತು. ಅದೂ ಸಾಲಲಿಲ್ಲ. 1936ರಲ್ಲಿ ಒಡಲಿಗೆ ಪಿಕಪ್ ಕೂರಿಸಿದ ಇಎಸ್-150 ಬಂತು. ಪಿಕಪ್ ಎಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿ ಮಾಡುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಇಎಸ್ ಎಂದರೆ ಎಲೆಕ್ಟ್ರಿಕ್ ಸ್ಪ್ಯಾನಿಷ್. ಆ ಗಿಟಾರನ್ನು ಹಿಡಿದು ಚಾರ್ಲಿ ಕ್ರಿಶ್ಚಿಯನ್ ಎಂಬ ಯುವಕ 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ. ಹಿಂದೆ ಕೂತು ತಾಳ ಕೊಡುತ್ತಿದ್ದ ಗಿಟಾರ್ ಆಮೇಲೆ ಮುಂದೆ ಬಂದು ಸೋಲೋ ನುಡಿಸತೊಡಗಿತು. ಕ್ಷಯರೋಗದಿಂದ ಆತ 25ನೇ ವಯಸ್ಸಿಗೇ ತೀರಿಕೊಂಡ.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಟೊಳ್ಳು ಒಡಲನ್ನು ಯಾರೂ ನಾದಕ್ಕೆಂದು ಆರಿಸಿಕೊಂಡದ್ದಲ್ಲ. ಆಗ ಇದ್ದದ್ದೇ ಅದು. ಅದರ ಸ್ವರ ಕೇಳಿ ಕೇಳಿ ನಮ್ಮ ಕಿವಿಗೆ ಜಾಝ್ ಎಂದರೆ ಅದೇ ಎಂದಾಯಿತು. ಮುಂದೆ 1949ರಲ್ಲಿ ಇಎಸ್-175 ಬಂತು. ಜಿಮ್ ಹಾಲ್, ಜೋ ಪಾಸ್, ಎಳೆವಯಸ್ಸಿನ ಪ್ಯಾಟ್ ಮೆಥೆನಿ ಎಲ್ಲರೂ ನುಡಿಸಿದ್ದು ಅದನ್ನು. ಅದು ಪದರ ಅಂಟಿಸಿದ ಮೇಪಲ್ ಮರದ್ದು, ಅಂದರೆ ಪ್ಲೈವುಡ್! 1958ರಲ್ಲಿ ಇಎಸ್-335 ಬಂತು. ಸೆಮಿ-ಹಾಲೋ ಎಂಬ ವರ್ಗ ಶುರುವಾದದ್ದೇ ಅದರಿಂದ.

ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಚಾರ್ಲಿ ಕ್ರಿಶ್ಚಿಯನ್‌ನ ದಾರಿಯಲ್ಲಿ ನಡೆದ ಭಾರತದ ಹೆಸರಾಂತ ಜಾಝ್ ಗಿಟಾರ್ ವಾದಕ ಕಾರ್ಲ್‌ಟನ್ ಕಿಟ್ಟೋ ಹುಟ್ಟಿದ್ದು ಬೆಂಗಳೂರಿನಲ್ಲಿ. ಬದುಕಿನ ಹೆಚ್ಚಿನ ಭಾಗ ಕೋಲ್ಕತ್ತಾದಲ್ಲಿ ನುಡಿಸಿ, ಕಲಿಸಿ, 2016ರಲ್ಲಿ ತೀರಿಕೊಂಡರು. ಅವರ ಜಾಡು ಹಿಡಿದ ‘ಫೈಂಡಿಂಗ್ ಕಾರ್ಲ್‌ಟನ್’ ಎಂಬ ಸಾಕ್ಷ್ಯಚಿತ್ರವೂ ಇದೆ. ಎಫ್ ಸೀಳಿನ ಗಿಟಾರ್ ನಮ್ಮ ಶಾಸ್ತ್ರೀಯ ಸಂಗೀತಕ್ಕೂ ಹೊಸದಲ್ಲ. ವಿಶ್ವಮೋಹನ ಭಟ್ಟರ ಮೋಹನವೀಣೆ ಮೂಲತಃ ಒಂದು ಆರ್ಚ್‌ಟಾಪ್ ಗಿಟಾರೇ.

ಈಗ ಸ್ವರದ ಗುಟ್ಟು. ಗಟ್ಟಿ ಹಲಗೆಯ ಗಿಟಾರಿನಲ್ಲಿ ತಂತಿ ಮೀಟಿದರೆ ಅದರ ಶಕ್ತಿ ತಂತಿಯಲ್ಲೇ ಬಹಳ ಹೊತ್ತು ಉಳಿಯುತ್ತದೆ. ಸ್ವರ ಉದ್ದಕ್ಕೆ ಎಳೆಯುತ್ತದೆ. ಟೊಳ್ಳು ಒಡಲಿನಲ್ಲಿ ಆ ಶಕ್ತಿಯ ಒಂದು ಪಾಲನ್ನು ಮುಖದ ಹಲಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಸ್ವರ ‘ದುಂ’ ಎಂದು ಹುಟ್ಟಿ ಬೇಗ ಇಳಿಯುತ್ತದೆ. ಜಾಝ್‌ನಲ್ಲಿ ಸ್ವರಗಳು ಒಂದರ ಹಿಂದೊಂದು ಓಡುತ್ತವೆ, ಕಾರ್ಡುಗಳು ಬೇಗ ಬೇಗ ಬದಲಾಗುತ್ತವೆ. ಹಿಂದಿನ ಸ್ವರ ಬೇಗ ಸರಿದು ಜಾಗ ಬಿಟ್ಟರೆ ಮುಂದಿನದು ಸ್ವಚ್ಛವಾಗಿ ಕೇಳುತ್ತದೆ. ಸೆಮಿ-ಹಾಲೋದಲ್ಲಿ ನಡುವಿನ ತೊಲೆ ಅಷ್ಟು ಶಕ್ತಿಯನ್ನು ಬಿಟ್ಟುಕೊಡುವುದಿಲ್ಲ. ಅದರ ಸ್ವರ ಎರಡಕ್ಕೂ ನಡುವೆ ಇರುತ್ತದೆ. ‘ದುಂ’ ಕಡಿಮೆ, ಎಳೆತ ಹೆಚ್ಚು.

ಆದರೆ ಒಡಲೇ ಎಲ್ಲವೂ ಅಲ್ಲ. ನನ್ನ ಅಂದಾಜಿನಲ್ಲಿ ಅರ್ಧವೂ ಅಲ್ಲ. ಉಳಿದದ್ದು ತಂತಿ, ಪಿಕಪ್, ಆಂಪ್ಲಿಫೈಯರ್, ಬೆರಳು. ಕುತ್ತಿಗೆಯ ಬದಿಯ ಪಿಕಪ್‌ನ ಮೇಲೆ ತಂತಿ ಅಗಲವಾಗಿ ಅಲುಗುತ್ತದೆ. ಅಲ್ಲಿ ತಗ್ಗಿನ ನಾದ ಹೆಚ್ಚು, ಚೂಪು ಕಡಿಮೆ. ಜಾಝ್‌ನವರು ಹೆಚ್ಚಾಗಿ ಅದೊಂದನ್ನೇ ಬಳಸುತ್ತಾರೆ.

ದುಡ್ಡು ಖರ್ಚು ಮಾಡುವ ಮೊದಲು

ಇಲ್ಲಿ ಒಂದು ಸಲಹೆ. ನಿಮ್ಮಲ್ಲಿ ಈಗಾಗಲೇ ಎಲೆಕ್ಟ್ರಿಕ್ ಗಿಟಾರ್ ಇದ್ದರೆ, ಅದು ಎಷ್ಟೇ ಅಗ್ಗದ್ದಿರಲಿ, ಮೊದಲು ಅದರಲ್ಲೇ ಪ್ರಯತ್ನಿಸಿ. ಕೆನಡಾದ ಎಡ್ ಬಿಕರ್ಟ್, ಅಮೆರಿಕದ ಟೆಡ್ ಗ್ರೀನ್ ಇಬ್ಬರೂ ಗಟ್ಟಿ ಹಲಗೆಯ ಟೆಲಿಕಾಸ್ಟರ್ ಗಿಟಾರಿನಲ್ಲೇ ಜಾಝ್ ನುಡಿಸಿ ಹೆಸರಾದವರು. ಕಣ್ಣು ಮುಚ್ಚಿ ಬಿಕರ್ಟ್‌ನನ್ನು ಕೇಳಿ. ಟೊಳ್ಳು ಗಿಟಾರ್ ಅಂದುಕೊಳ್ಳುತ್ತೀರಿ.

ಮಾಡಬೇಕಾದದ್ದು ಹೀಗೆ. ಫ್ಲಾಟ್‌ವೂಂಡ್ ತಂತಿ ತರಿಸಿ. ಸಾಮಾನ್ಯ ತಂತಿಯ ಮೇಲೆ ದುಂಡು ಸರಿಗೆ ಸುತ್ತಿರುತ್ತಾರೆ, ಅದಕ್ಕೇ ಬೆರಳು ಜಾರುವಾಗ ಕಿರ್ ಎನ್ನುತ್ತದೆ. ಫ್ಲಾಟ್‌ವೂಂಡ್‌ನಲ್ಲಿ ಚಪ್ಪಟೆ ಪಟ್ಟಿ ಸುತ್ತಿರುತ್ತಾರೆ. ಮೈ ನುಣುಪು, ಸ್ವರ ಮೆತ್ತಗೆ, ಕಿರ್ ಸದ್ದಿಲ್ಲ. ದಪ್ಪ .011 ಇಂಚಿನದ್ದು ತೆಗೆದುಕೊಂಡರೆ ಶುರುವಿಗೆ ಸಾಕು, ಅಭ್ಯಾಸವಾದ ಮೇಲೆ .012. ಡಿ’ಅಡಾರಿಯೋದ ಕ್ರೋಮ್ಸ್ ಎಂಬುದು ಭಾರತದಲ್ಲಿ ಸಿಗುತ್ತದೆ. ಒಂದು ಸೆಟ್ಟಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ. ಸಾಮಾನ್ಯ ತಂತಿಗಿಂತ ದುಬಾರಿ, ಆದರೆ ಬಾಳಿಕೆ ಹೆಚ್ಚು. ತಂತಿ ದಪ್ಪವಾದಾಗ ತುದಿಯ ನಟ್‌ನ ಗೀರುಗಳಲ್ಲಿ ಅದು ಸರಿಯಾಗಿ ಕೂರದೆ ಇರಬಹುದು. ತಿಳಿದವರಿಂದ ಚೂರು ಅರ ಹಾಕಿಸಬೇಕಾಗುತ್ತದೆ.

ಆಮೇಲೆ ಪಿಕಪ್ ಸ್ವಿಚ್ಚನ್ನು ಕುತ್ತಿಗೆಯ ಕಡೆಗೆ ಹಾಕಿ. ಟೋನ್ ಗುಂಡಿಯನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿ. ಆಂಪ್ಲಿಫೈಯರಿನಲ್ಲಿ ಡಿಸ್ಟಾರ್ಶನ್, ಅಂದರೆ ಒಡಕು ಸದ್ದು, ಪೂರ್ತಿ ತೆಗೆಯಿರಿ. ಟ್ರೆಬಲ್ ತಗ್ಗಿಸಿ, ಮಿಡಲ್ ಅರ್ಧಕ್ಕಿಂತ ಮೇಲೆ ಇಡಿ. ತೆಳು ಪ್ಲೆಕ್ಟ್ರಮ್ ಬಿಟ್ಟು ದಪ್ಪನೆಯದು ಹಿಡಿಯಿರಿ, ಇಲ್ಲವೆ ಹೆಬ್ಬೆರಳಿನಿಂದ ಮೀಟಿ. ವೆಸ್ ಮಾಂಟ್‌ಗೊಮರಿ ಜೀವಮಾನವಿಡೀ ಹೆಬ್ಬೆರಳಿನಲ್ಲೇ ನುಡಿಸಿದ್ದು. ಇಷ್ಟಕ್ಕೇ ಮುಕ್ಕಾಲು ದಾರಿ ಕ್ರಮಿಸಿರುತ್ತೀರಿ. ಆ ಉಳಿದ ಕಾಲು ಭಾಗಕ್ಕೆ ನಲವತ್ತು ಸಾವಿರ ಕೊಡಬೇಕೇ ಎನ್ನುವುದನ್ನು ಆಗ ನೀವೇ ನಿರ್ಧರಿಸಬಹುದು.

ಜೋರು ಮಾಡಿದರೆ ಏನಾಗುತ್ತದೆ?

ಹಾಲೋ ಮತ್ತು ಸೆಮಿ-ಹಾಲೋ ನಡುವೆ ಆರಿಸುವಾಗ ನಿಜವಾಗಿ ತೂಕ ಹಾಕಬೇಕಾದ ಸಂಗತಿ ಫೀಡ್‌ಬ್ಯಾಕ್. ರಾತ್ರಿ ಆಟ ನೋಡಲು ಹೋದಾಗ ಭಾಗವತರ ಮೈಕು ಇದ್ದಕ್ಕಿದ್ದಂತೆ ‘ಕುಂಯ್’ ಎಂದು ಕೂಗಿದ್ದನ್ನು ಕೇಳಿರುತ್ತೀರಲ್ಲ, ಅದೇ ಇದು. ಸ್ಪೀಕರಿನ ಸದ್ದು ಮೈಕಿಗೆ ಮರಳಿ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ, ಸುತ್ತು ಹೊಡೆಯುತ್ತ ಬೆಳೆಯುತ್ತದೆ. ಟೊಳ್ಳು ಗಿಟಾರಿನಲ್ಲಿ ಮೈಕಿನ ಜಾಗದಲ್ಲಿ ಮುಖದ ಹಲಗೆ ಇರುತ್ತದೆ. ಸ್ಪೀಕರಿನ ಗಾಳಿ ಅದನ್ನು ಅಲುಗಿಸುತ್ತದೆ, ಅದು ತಂತಿಯನ್ನು ಅಲುಗಿಸುತ್ತದೆ, ಪಿಕಪ್ ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಗಿಟಾರಿನಲ್ಲಿ ಅದು ಹೆಚ್ಚಾಗಿ ತಗ್ಗು ಸ್ವರದ ‘ಹೂಂ’ಕಾರ.

ಮನೆಯ ಕೋಣೆಯಲ್ಲಿ ಇದು ತೊಂದರೆಯೇ ಅಲ್ಲ. ಡ್ರಮ್ಸ್, ಕೀಬೋರ್ಡ್, ಎರಡು ದೊಡ್ಡ ಸ್ಪೀಕರ್ ಇರುವ ಪೆಂಡಾಲಿನಲ್ಲಿ ಪೂರ್ತಿ ಟೊಳ್ಳು ಗಿಟಾರ್ ಹಿಡಿದು ನಿಂತರೆ ಕಷ್ಟ. ಸ್ಪೀಕರಿಗೆ ಮುಖಮಾಡದೆ ಓರೆಯಾಗಿ ನಿಲ್ಲುವುದು, ಬೇಸ್ ತಗ್ಗಿಸುವುದು, ಎಫ್ ಸೀಳಿಗೆ ಬಟ್ಟೆ ತುರುಕುವುದು ಎಲ್ಲ ಉಪಾಯಗಳೂ ಇವೆ. ಬ್ಲೂಸ್ ದೊರೆ ಬಿ.ಬಿ. ಕಿಂಗ್ ಕೂಡ ಹಾಗೆ ಬಟ್ಟೆ ತುರುಕಿದವರೇ. ಕೊನೆಗೆ 1980ರಲ್ಲಿ ಗಿಬ್ಸನ್ ಕಂಪನಿ ಅವರ ಹೆಸರಿನಲ್ಲಿ ತಂದ ‘ಲುಸಿಲ್’ ಮಾದರಿಗೆ ಎಫ್ ಸೀಳನ್ನೇ ಇಡಲಿಲ್ಲ. ನಡುವಿನ ತೊಲೆ ಹುಟ್ಟಿಕೊಂಡದ್ದಕ್ಕೂ ಇದೇ ಕಾರಣ. ತೊಲೆ ಇದ್ದರೆ ಮುಖ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು: ನಾನು ಎಲ್ಲಿ ನುಡಿಸುತ್ತೇನೆ? ಮನೆಯಲ್ಲಿ, ಒಬ್ಬ ಹಾಡುಗಾರರ ಜೊತೆ, ಸಣ್ಣ ಸಭೆಯಲ್ಲಿ ಎಂದಾದರೆ ಹಾಲೋ ನಡೆಯುತ್ತದೆ. ರಸಮಂಜರಿಯಲ್ಲಿ ಒಂದು ಹಾಡು ಕಿಶೋರ್ ಕುಮಾರರದ್ದು, ಮುಂದಿನದು ಕನ್ನಡದ ಕುಣಿತದ ಹಾಡು ಎಂದಾದರೆ ಸೆಮಿ-ಹಾಲೋ. ಒಂದೇ ಗಿಟಾರಿನಲ್ಲಿ ಎಲ್ಲವನ್ನೂ ನಿಭಾಯಿಸಬೇಕಾದವರಿಗೂ ಅದೇ. ಜಾನ್ ಸ್ಕೋಫೀಲ್ಡ್ ದಶಕಗಳಿಂದ ಸೆಮಿ-ಹಾಲೋ ಐಬನೀಝ್ ಒಂದನ್ನೇ ಹಿಡಿದು ಜಾಝ್, ಫಂಕ್, ರಾಕ್ ಎಲ್ಲ ನುಡಿಸುತ್ತ ಬಂದಿದ್ದಾರೆ.

ಪಿಕಪ್‌ನಲ್ಲೂ ಒಂದು ಆಯ್ಕೆ ಇದೆ. ಒಂದೇ ಸುರುಳಿಯದು ಸಿಂಗಲ್ ಕಾಯಿಲ್. ಪಿ-90 ಆ ಬಗೆಯದು. ಎರಡು ಸುರುಳಿಯದು ಹಂಬಕರ್. ಒಂದರಲ್ಲಿ ಹೊಕ್ಕ ಕರೆಂಟಿನ ಗುಂಯ್‌ಗುಡುವಿಕೆಯನ್ನು ಇನ್ನೊಂದು ಅಳಿಸುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ, ಜನರೇಟರಿನ ಮೇಲೆ ನಡೆಯುವ ಪೆಂಡಾಲುಗಳಲ್ಲಿ ಸಿಂಗಲ್ ಕಾಯಿಲ್ ಕಿವಿ ತಿನ್ನುತ್ತದೆ. ನಮಗೆ ಹಂಬಕರೇ ಸರಿ.

ಮಳೆಗಾಲದ ಮಾತು

ಗಿಟಾರಿನ ಮರಕ್ಕೆ ಒಗ್ಗುವ ತೇವಾಂಶ ಶೇ 45ರಿಂದ 55. ಜುಲೈಯಲ್ಲಿ ನಮ್ಮ ಕೋಣೆಗಳಲ್ಲಿ ಅದು 85 ದಾಟುವುದು ಸಾಮಾನ್ಯ. ಮರ ನೀರು ಹೀರಿ ಉಬ್ಬುತ್ತದೆ. ಮುಖ ಮೇಲೇಳುತ್ತದೆ, ತಂತಿ ಕುತ್ತಿಗೆಯ ಮೇಲಿನ ಮನೆಗಳಿಂದ, ಅಂದರೆ ಫ್ರೆಟ್‌ಗಳಿಂದ, ದೂರವಾಗುತ್ತದೆ, ಬೆರಳು ನೋಯುತ್ತದೆ. ಡಿಸೆಂಬರಿನಲ್ಲಿ ಮತ್ತೆ ಇಳಿಯುತ್ತದೆ. ಈ ಏರಿಳಿತ ವರ್ಷ ವರ್ಷ ನಡೆದರೆ ಇಡೀ ಮರ ಕೆತ್ತಿದ ಮುಖದಲ್ಲಿ ಎಫ್ ಸೀಳಿನ ತುದಿಯಿಂದ ಬಿರುಕು ಶುರುವಾಗಬಹುದು.

ಪ್ಲೈವುಡ್ಡಿಗೆ ಮುಂದೆ ಬರುತ್ತೇನೆ ಎಂದಿದ್ದೆನಲ್ಲ. ಅದರಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಇನ್ನೊಂದರದು ಅಡ್ಡಕ್ಕೆ. ಒಂದು ಉಬ್ಬಲು ಹೊರಟರೆ ಇನ್ನೊಂದು ತಡೆಯುತ್ತದೆ. ಆಕಾರ ಬಹಳ ಕಾಲ ಹಾಗೇ ಉಳಿಯುತ್ತದೆ. ಕೆತ್ತಿದ ಮುಖಕ್ಕಿಂತ ಸ್ವಲ್ಪ ಬಿಗಿ ಇರುವುದರಿಂದ ಫೀಡ್‌ಬ್ಯಾಕೂ ಕಡಿಮೆ. ಇಎಸ್-175ರ ಹೆಸರುವಾಸಿ ‘ದುಂ’ ಸ್ವರದಲ್ಲಿ ಪ್ಲೈವುಡ್ಡಿನ ಪಾಲೂ ಇದೆ. ಹಾಗಾಗಿ ಕರಾವಳಿಯವರು ಕೆತ್ತಿದ ಮುಖದ ಗಿಟಾರಿಗೆ ದುಪ್ಪಟ್ಟು ದುಡ್ಡು ಸುರಿಯುವುದು ನನ್ನ ಮಟ್ಟಿಗೆ ಬುದ್ಧಿವಂತಿಕೆಯಲ್ಲ. ಹವಾನಿಯಂತ್ರಿತ ಕೋಣೆ ಇದ್ದವರ ಮಾತು ಬೇರೆ.

ಇನ್ನು ಜೋಪಾನದ ಬಗೆ. ಹೈಗ್ರೋಮೀಟರ್ ಎಂಬ ಸಣ್ಣ ತೇವಮಾಪಕ ಮುನ್ನೂರರಿಂದ ಆರುನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಗಿಟಾರಿನ ಪೆಟ್ಟಿಗೆಯೊಳಗೆ ಇಡಿ. ಜೊತೆಗೆ ಸಿಲಿಕಾ ಜೆಲ್ ಚೀಲಗಳನ್ನು ಹಾಕಿ. ಬಣ್ಣ ಬದಲಿಸುವ ಬಗೆಯದಾದರೆ ತೇವ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಆಗ ಹೊರತೆಗೆದು ಒಣಗಿಸಿ ಮತ್ತೆ ಬಳಸಬಹುದು. ಪೆಟ್ಟಿಗೆ ಗಟ್ಟಿಯದಾಗಿರಲಿ. ಬಟ್ಟೆಯ ಚೀಲ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಆದರೆ ಗಟ್ಟಿ ಪೆಟ್ಟಿಗೆಯಲ್ಲೂ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ವಾರಕ್ಕೆರಡು ಸಲ ತೆಗೆದು ನುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ ಇಡಿ. ನುಡಿಸುವ ಗಿಟಾರಿಗೆ ಬೂಷ್ಟು ಅಷ್ಟು ಬೇಗ ಹತ್ತುವುದಿಲ್ಲ.

ಮಳೆಗಾಲದಲ್ಲಿ ಹಪ್ಪಳ, ಬಟ್ಟೆ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೇರಿಸುವ ಅಭ್ಯಾಸ ನಮ್ಮಲ್ಲಿದೆ. ಗಿಟಾರನ್ನು ಮಾತ್ರ ಏರಿಸಬೇಡಿ ಮಾರಾಯ್ರೆ. ಒಮ್ಮೆಗೇ ಒಣಗಿದರೆ ಅಂಟು ಬಿಡುತ್ತದೆ. ಬಿಸಿಲಿಗೆ ಇಡುವುದೂ ಬೇಡ. ಗೋಡೆಗೆ ತೂಗುಹಾಕುವುದಾದರೆ ಹೊರಗೋಡೆ ಬಿಟ್ಟು ಒಳಗೋಡೆ ಆರಿಸಿ, ಹೊರಗೋಡೆಯಲ್ಲಿ ಮಳೆಯ ತೇವ ಇಳಿಯುತ್ತದೆ. ತೂಗುಹಾಕಿದ ಗಿಟಾರಿಗೆ ಇನ್ನೊಂದು ಅಪಾಯ: ಎಫ್ ಸೀಳು ಕಂಡರೆ ಕುಂಬಾರ ಹುಳುವಿಗೆ ಬಹಳ ಖುಷಿ. ಒಳಗೆ ಮಣ್ಣಿನ ಮನೆ ಕಟ್ಟಿದರೆ ತೆಗೆಯಲು ಬರುವುದಿಲ್ಲ. ಹಳೆಯ ಪಂಚೆಯಾದರೂ ಹೊದಿಸಿಡಿ.

ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ಒಳಗಿನ ಗುಂಡಿ, ಸ್ವಿಚ್ಚು, ಜ್ಯಾಕುಗಳಿಗೂ ಅದು ತಟ್ಟುತ್ತದೆ. ತಿರುಗಿಸಿದರೆ ಕರಕರ ಎನ್ನತೊಡಗುತ್ತದೆ. ಗಟ್ಟಿ ಹಲಗೆಯ ಗಿಟಾರಿನಲ್ಲಿ ಹಿಂದಿನ ಮುಚ್ಚಳ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಮುಗಿಯಿತು. ಟೊಳ್ಳು ಗಿಟಾರಿನಲ್ಲಿ ಸಾಮಾನ್ಯವಾಗಿ ಮುಚ್ಚಳವೇ ಇರುವುದಿಲ್ಲ. ಇಡೀ ವೈರಿಂಗನ್ನು ಎಫ್ ಸೀಳಿನ ಮೂಲಕ ಹೊರಗೆಳೆದು, ದಾರ ಕಟ್ಟಿ ಮತ್ತೆ ಒಳಗೆ ಕೂರಿಸಬೇಕು. ಅರ್ಧ ದಿನದ ತಾಳ್ಮೆಯ ಕೆಲಸ, ಕೂಲಿಯೂ ಹೆಚ್ಚು. ಕೊಳ್ಳುವಾಗ ಯಾರೂ ಇದನ್ನು ಹೇಳುವುದಿಲ್ಲ.

ಏಪ್ರಿಲ್, ಮೇ ಸಂಜೆಗಳ ಸಿಡಿಲಿಗೆ ಆಂಪ್ಲಿಫೈಯರಿನ ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಎಷ್ಟಕ್ಕೆ, ಯಾವುದು?

ಕೆಳಗಿನ ಬೆಲೆಗಳು ಅಂದಾಜಿನವು. ಡಾಲರ್ ದರ, ತೆರಿಗೆ, ರಿಯಾಯಿತಿ ನೋಡಿಕೊಂಡು ಏರಿಳಿಯುತ್ತವೆ. ಅಮೆರಿಕದ ಬೆಲೆಯನ್ನು ನೇರ ರೂಪಾಯಿಗೆ ಗುಣಿಸಿ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಆಮದು ಸುಂಕ ಅದರ ಮೇಲೆ ಕೂರುತ್ತದೆ.

ಮೂವತ್ತರಿಂದ ಐವತ್ತು ಸಾವಿರದ ಒಳಗೆ ಐಬನೀಝ್ ಕಂಪನಿಯ ಆರ್ಟ್‌ಕೋರ್ ಸಾಲು ಇದೆ. ಪ್ಲೈವುಡ್ ಒಡಲು, ಹಂಬಕರ್ ಪಿಕಪ್. ಹೆಸರಿನ ಮೊದಲ ಅಕ್ಷರಗಳೇ ಜಾತಿ ಹೇಳುತ್ತವೆ: ಎಎಫ್ ಎಂದರೆ ದಪ್ಪನೆಯ ಹಾಲೋ, ಎಎಸ್ ಎಂದರೆ ಸೆಮಿ-ಹಾಲೋ, ಎಎಮ್ ಎಂದರೆ ಸಣ್ಣ ಗಾತ್ರದ ಸೆಮಿ-ಹಾಲೋ. ಮೊದಲ ಬಾರಿ ಕೊಳ್ಳುವವರಿಗೆ ಎಎಸ್73ರ ಮಟ್ಟದ್ದು ಸಾಕು. ಮೈ ಸಣ್ಣದಿರುವವರು, ಮಕ್ಕಳು ಎಎಮ್ ಮಾದರಿಯನ್ನು ಹಿಡಿದು ನೋಡಲಿ. ಹದಿನಾರು ಇಂಚು ಅಗಲದ ಒಡಲನ್ನು ತಬ್ಬಿ ಕೂತರೆ ಬಲಭುಜ ನೋಯುವುದುಂಟು.

ಐವತ್ತರಿಂದ ಎಂಬತ್ತು ಸಾವಿರದೊಳಗೆ ಎಪಿಫೋನ್‌ನ ಇಎಸ್-335, ಕಸೀನೋ, ಗ್ರೆಚ್‌ನ ಸ್ಟ್ರೀಮ್‌ಲೈನರ್ ಬರುತ್ತವೆ. ಎಪಿಫೋನ್ ಗಿಬ್ಸನ್ನಿನದೇ ಕಂಪನಿ. ಗ್ರೆಚ್‌ನಲ್ಲಿ ‘ಸೆಂಟರ್ ಬ್ಲಾಕ್’ ಎಂದು ಹೆಸರಿನಲ್ಲೇ ಬರೆದಿದ್ದರೆ ಸೆಮಿ-ಹಾಲೋ, ಇಲ್ಲದಿದ್ದರೆ ಹಾಲೋ. ಅಸಲಿ ಗಿಬ್ಸನ್ ಇಎಸ್-335 ಎರಡೂವರೆ, ಮೂರು ಲಕ್ಷ ದಾಟುತ್ತದೆ. ಅದರ ಸುದ್ದಿ ಇಲ್ಲಿಗೆ ಬಿಡೋಣ.

ಗಿಟಾರಿನ ಬೆಲೆಗೇ ಲೆಕ್ಕ ನಿಲ್ಲಿಸಬೇಡಿ. ಗಟ್ಟಿ ಪೆಟ್ಟಿಗೆಗೆ ಆರರಿಂದ ಹತ್ತು ಸಾವಿರ. ಒಡಕಿಲ್ಲದ ಸದ್ದು ಕೊಡುವ ಸಣ್ಣ ಆಂಪ್ಲಿಫೈಯರಿಗೆ ಹತ್ತರಿಂದ ಇಪ್ಪತ್ತು ಸಾವಿರ. ಸೆಟಪ್ ಮಾಡಿಸಲು, ಅಂದರೆ ತಂತಿಯ ಎತ್ತರ, ಕುತ್ತಿಗೆಯ ಬಾಗು, ಶ್ರುತಿ ಸರಿಹೊಂದಿಸಲು, ಒಂದೆರಡು ಸಾವಿರ. ಕೈಯಲ್ಲಿ ಅರವತ್ತು ಸಾವಿರ ಇದ್ದರೆ ಗಿಟಾರಿಗೆ ನಲವತ್ತನ್ನು ಮಾತ್ರ ಮೀಸಲಿಡಿ. ಅರವತ್ತರ ಗಿಟಾರನ್ನು ಕೆಟ್ಟ ಆಂಪಿಗೆ ಸಿಕ್ಕಿಸಿದರೆ ಕೆಟ್ಟದ್ದೇ ಕೇಳುವುದು.

ಎಲ್ಲಿ ಕೊಳ್ಳುವುದು?

ಇದು ಬೈಂದೂರು ಪೇಟೆಯಲ್ಲಿ ಸಿಗುವ ವಸ್ತುವಲ್ಲ. ಮಂಗಳೂರಿನ ವಾದ್ಯದಂಗಡಿಗಳಲ್ಲಿ ಕೇಳಿದರೆ ತರಿಸಿಕೊಟ್ಟಾರು, ಹತ್ತು ಮಾದರಿ ಹಿಡಿದು ನೋಡಲು ಸಿಗುವುದು ಕಷ್ಟ. ಹೆಚ್ಚಿನ ಆಯ್ಕೆ ಇರುವುದು ಬೆಂಗಳೂರಿನಲ್ಲಿ. ನಮಗೆ ಇನ್ನೊಂದು ದಾರಿಯೂ ಇದೆ, ಗೋವಾ. ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಕೊಂಕಣ ರೈಲು ಹತ್ತಿದರೆ ಮಡಗಾಂವ್‌ನಲ್ಲಿ ಇಳಿಯಬಹುದು. ಅಲ್ಲೂ ಪಣಜಿಯಲ್ಲೂ ಫುರ್ಟಾಡೋಸ್ ಅಂಗಡಿಗಳಿವೆ. ಬಹುಕಾಲದಿಂದ ಪಾಶ್ಚಾತ್ಯ ಸಂಗೀತ ಬೆಳೆದ ನಾಡು ಅದು, ರಿಪೇರಿ ಬಲ್ಲವರೂ ಸಿಗುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ, ನಿಮಗೆ ಬೇಕಾದ ಮಾದರಿ ಅಂಗಡಿಯಲ್ಲಿ ಇದೆಯೇ ಎಂದು ಕೇಳಿಕೊಳ್ಳಿ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವೀಡಿಯೋ ಮಾಡಿ. ಟೊಳ್ಳು ಒಡಲು ಗಟ್ಟಿ ಹಲಗೆಯಷ್ಟು ಪೆಟ್ಟು ತಡೆಯುವುದಿಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ತರುವುದಾದರೆ ಡಿಕ್ಕಿಗೆ ಹಾಕಬೇಡಿ, ಘಟ್ಟದ ತಿರುವುಗಳಲ್ಲಿ ಸೂಟ್‌ಕೇಸುಗಳು ಅದರ ಮೇಲೆ ಉರುಳುತ್ತವೆ. ಮನೆಗೆ ತಂದ ಮೇಲೆ ಒಂದು ದಿನ ಪೆಟ್ಟಿಗೆಯಲ್ಲೇ ಇರಲಿ. ಬೆಂಗಳೂರಿನ ಒಣ ಹವೆಯಲ್ಲಿ ಮಾಡಿಸಿದ ಸೆಟಪ್ ಇಲ್ಲಿ ಕೆಲವೇ ವಾರಗಳಲ್ಲಿ ಬದಲಾಗುತ್ತದೆ. ಹಾಗಾಗಿ ಇಲ್ಲಿಗೆ ಬಂದು ಒಗ್ಗಿದ ಮೇಲೆಯೇ ಸೆಟಪ್ ಮಾಡಿಸುವುದು ಒಳ್ಳೆಯದು.

ಹಳೆಯದು ಕೊಳ್ಳುವವರು ಇನ್ನಷ್ಟು ನೋಡಬೇಕು. ತಲೆಯ ಕಡೆಯಿಂದ ಕುತ್ತಿಗೆಯನ್ನು ಕಣ್ಣಿಟ್ಟು ನೋಡಿ, ತಿರುಚಿದ್ದರೆ ಬೇಡವೇ ಬೇಡ. ಬ್ರಿಡ್ಜಿನ ಕೆಳಗೆ ಮುಖ ಕುಸಿದಿದೆಯೇ? ಎಫ್ ಸೀಳಿನ ಅಂಚು ಬಿರಿದಿದೆಯೇ? ಹನ್ನೆರಡನೆಯ ಮನೆಯಲ್ಲಿ ಒತ್ತಿದ ಸ್ವರವೂ ಅಲ್ಲೇ ಹಗುರಾಗಿ ಮುಟ್ಟಿ ಬಿಟ್ಟ ಸ್ವರವೂ ಟ್ಯೂನರಿನಲ್ಲಿ ಒಂದೇ ತೋರಬೇಕು. ಎಲ್ಲ ಗುಂಡಿಗಳನ್ನೂ ತಿರುಗಿಸಿ ಕರಕರ ಕೇಳಿ. ಕೊನೆಗೆ ಎಫ್ ಸೀಳಿಗೆ ಮೂಗಿಟ್ಟು ಮೂಸಿ. ಬೂಷ್ಟಿನ ವಾಸನೆ ಬಂದರೆ ಮಾರುವವರು ಎಷ್ಟೇ ಇಳಿಸಿದರೂ ಬಿಟ್ಟುಬಿಡಿ, ಅದು ಹೋಗುವಂಥದ್ದಲ್ಲ.

ಹಾಲೋ ಕೊಂಡವರಿಗೆ ಒಂದು ಎಚ್ಚರಿಕೆ. ತಂತಿ ಬದಲಿಸುವಾಗ ಆರನ್ನೂ ಒಟ್ಟಿಗೆ ತೆಗೆಯಬೇಡಿ. ಅಂಟಿಲ್ಲದ ಬ್ರಿಡ್ಜ್ ಕಳಚಿ ಬೀಳುತ್ತದೆ, ಮತ್ತೆ ಅದೇ ಜಾಗಕ್ಕೆ ಕೂರಿಸುವವರೆಗೆ ಶ್ರುತಿ ಸೇರುವುದಿಲ್ಲ. ಒಂದೊಂದೇ ತೆಗೆದು ಒಂದೊಂದೇ ಹಾಕಿ. ಮುನ್ನೆಚ್ಚರಿಕೆಗೆ ಬ್ರಿಡ್ಜಿನ ಎರಡೂ ತುದಿಗೆ ಬಣ್ಣ ಕೀಳದ ಟೇಪಿನಿಂದ ಗುರುತು ಮಾಡಿಟ್ಟುಕೊಳ್ಳಬಹುದು. ಸೆಮಿ-ಹಾಲೋದಲ್ಲಿ ಬ್ರಿಡ್ಜ್ ತೊಲೆಗೆ ಕೂರಿಸಿದ ಕಂಬಗಳ ಮೇಲೆ ನಿಂತಿರುವುದರಿಂದ ಅದರ ಜಾಗ ತಪ್ಪುವುದಿಲ್ಲ.

ಕೊಳ್ಳುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಗಿಟಾರಿಗೆ ಇಲ್ಲಿನ ಹವೆ ಒಗ್ಗಲು ಮುಂದಿನ ಮಳೆಯವರೆಗೆ ಸಮಯ ಸಿಗುತ್ತದೆ. ಇಷ್ಟೆಲ್ಲ ಓದಿಯೂ ಯಾವುದೆಂದು ತೋಚದಿದ್ದರೆ ನನ್ನ ಉತ್ತರ ಇದು: ಪ್ಲೈವುಡ್ ಒಡಲಿನ, ಎರಡು ಹಂಬಕರ್ ಇರುವ ಸೆಮಿ-ಹಾಲೋ ತೆಗೆದುಕೊಳ್ಳಿ, ಅದಕ್ಕೆ ಫ್ಲಾಟ್‌ವೂಂಡ್ ತಂತಿ ಹಾಕಿಸಿ. ಮನೆಯಲ್ಲಷ್ಟೇ ನುಡಿಸುವವರು, ಮಳೆಗಾಲದಲ್ಲಿ ಸಿಲಿಕಾ ಜೆಲ್ ಬದಲಿಸುವ ಶಿಸ್ತು ಇರುವವರು ಮಾತ್ರ ಪೂರ್ತಿ ಹಾಲೋಗೆ ಕೈ ಹಾಕಿ.